ಎರಡು ಉದಯಗೀತೆಗಳು

ಕ್ರಾಂತಿಯ ಹಾಡುಗಳಿಗೆ ಸೂರ್ಯೋದಯವೆಂದರೆ ಬಲು ಪ್ರೀತಿ. ಚೀನಾದ ‘ಪೂರ್ವ ಕೆಂಪಾಗಿದೆ’ ಗೀತೆ ಅಲ್ಲಿನ ಜಾನಪದ ಧಾಟಿಯೊಂದರಿಂದ ರೂಪುಗೊಂಡಿತು. ಅದರಲ್ಲಿ ಉದಯಿಸುವ ಸೂರ್ಯನೆಂದರೆ ಮಾವೋ. ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ ಅದೇ ರಾಷ್ಟ್ರಗೀತೆಯ ಸ್ಥಾನವನ್ನು ಆಕ್ರಮಿಸಿತು. ರಾಷ್ಟ್ರಗೀತೆಯನ್ನು ಬರೆದಿದ್ದ ಕವಿ ಟಿಯಾನ್ ಹಾನ್ 1968ರಲ್ಲಿ ಸೆರೆಯಲ್ಲಿಯೇ ಮಡಿದರು. 1970ರಲ್ಲಿ ಚೀನಾದ ಮೊದಲ ಉಪಗ್ರಹ ಆ ಧಾಟಿಯನ್ನು ಬಾಹ್ಯಾಕಾಶದಿಂದಲೂ ಬಿತ್ತರಿಸಿತು.

ಕನ್ನಡಕ್ಕೂ ಒಂದು ಉದಯಗೀತೆಯಿದೆ. 1924ರಲ್ಲಿ ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗದಗಿನ ವಕೀಲ ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ’ ಮೊಳಗಿದಾಗ, ಕನ್ನಡಿಗರು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗುಗಳಲ್ಲಿ ಹಂಚಿಹೋಗಿದ್ದರು. ಈ ಹಾಡಿನಲ್ಲಿ ಯಾವ ನಾಯಕನೂ ಸೂರ್ಯನಲ್ಲ, ಉದಯಿಸಬೇಕಾದುದು ನಾಡು. 1956ರ ನವೆಂಬರ್ 1ರಂದು ಆ ಹಾರೈಕೆ ಫಲಿಸಿತು. 2004ರಲ್ಲಿ ನಾಡಗೀತೆಯ ಪಟ್ಟ ಕುವೆಂಪು ಅವರ ರಚನೆಗೆ ಸಂದಿತು. ಪಟ್ಟವಿಲ್ಲದೆಯೂ ಹುಯಿಲಗೋಳರ ಹಾಡು ಜನರ ಕಂಠದಲ್ಲಿ ಉಳಿದಿದೆ.

ಬೋಲಿಂಗ್‌ಬ್ರೂಕ್‌ನ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಅದರ ರಾಗವನ್ನು ಕಲಿಸುವಾಗ ಈ ವ್ಯತ್ಯಾಸವನ್ನೂ ತಿಳಿಸೋಣ. ‘ಆಗಿದೆ’ ಎನ್ನುವ ಹಾಡು ಪ್ರಶ್ನೆಗೆ ಎಡೆಗೊಡದು; ‘ಆಗಲಿ’ ಎನ್ನುವ ಹಾಡು, ಇನ್ನೂ ಆಗಬೇಕಾದುದೇನು ಎಂದು ಪ್ರತಿ ಪೀಳಿಗೆಯನ್ನೂ ಕೇಳುತ್ತದೆ.