ಗದ್ದೆ ಊರಲ್ಲಿ, ಗೇಣಿ ದಾದರಿನಲ್ಲಿ

ಊರಿನವರಿಗೆ ದಾದರ್ ಅಂದರೆ ಗಾಡಿ ಬದಲಿಸುವ ಸ್ಟೇಷನ್. ಇಲ್ಲಿರುವ ನಮಗೆ ಅದು ಮೊದಲು ಮಾರ್ಕೆಟ್ಟು. ಬೆಳಕು ಹರಿಯುವ ಮೊದಲೇ ವಸಯಿ, ವಿರಾರ್ ಕಡೆಯ ಲೋಕಲ್ಲಿನಿಂದ ಹೂವಿನ, ತರಕಾರಿಯ ಬುಟ್ಟಿ ಹೊತ್ತವರು ಇಳಿಯುತ್ತಾರೆ. ವಸಯಿಯ 'ವಾಡಿ' ಎಂದರೆ ನಮ್ಮ ತೋಟದ ಹಾಗೇ: ಬಾವಿಯ ಸುತ್ತ ತೆಂಗು, ಬಾಳೆ, ನಡುವೆ ವೀಳ್ಯದೆಲೆ, ಹೂವು, ಕಾಯಿಪಲ್ಲೆ. ಒಂದು ಕೈಕೊಟ್ಟರೆ ಇನ್ನೊಂದು ಕಾಪಾಡುತ್ತದೆ.

ದಾದರ್ ಕೂಡ ಒಂದು ಕಾಲಕ್ಕೆ ವಾಡಿಯೇ. ಮಾಹಿಮಿನಿಂದ ಈ ಕಡೆಗೆಲ್ಲ ತೆಂಗು, ತಾಳೆ, ಭತ್ತದ ಗದ್ದೆ. ಮರ ಹತ್ತಿ ಕಳ್ಳು ಇಳಿಸುತ್ತಿದ್ದವರು ಭಂಡಾರಿಗಳು, ನಮ್ಮಲ್ಲಿಯ ಬಿಲ್ಲವರ ಹಾಗೆ. 1878ರ ಅಬಕಾರಿ ಕಾಯಿದೆ ಅವರ ಕಸುಬಿನ ಮೇಲೆ ತೆರಿಗೆಯ ಭಾರ ಹೇರಿತು. 1896ರಲ್ಲಿ ಪ್ಲೇಗ್ ಬಂತು. ಇಕ್ಕಟ್ಟಿನ ಊರನ್ನು ಹಗುರ ಮಾಡಬೇಕೆಂದು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅದರ ದಾದರ್-ಮಾಟುಂಗಾ ಯೋಜನೆಯಲ್ಲಿ ಗದ್ದೆ-ತೋಟಗಳು ಹೋಗಿ ರಸ್ತೆಗಳೂ ಹಿಂದೂ ಕಾಲನಿ, ಪಾರ್ಸಿ ಕಾಲನಿಗಳೂ ಬಂದವು. ಒಬ್ಬರ ತೋಟ ಹೋದ ಜಾಗದಲ್ಲಿ ಇನ್ನೊಬ್ಬರ ತೋಟ ಉಳಿಸುವ ದುಡ್ಡು ಹುಟ್ಟಿತು. ಆ ಇನ್ನೊಬ್ಬರು ನಾವು.

ದಾದರ್-ಮಾಟುಂಗಾದ ಉಡುಪಿ ಹೋಟೆಲುಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಅಲ್ಲಿ ದೋಸೆ ಹುಯ್ದವರು ಊರಲ್ಲಿ ಏನು ಬಿಟ್ಟು ಬಂದಿದ್ದರು ಎಂಬುದನ್ನು ಬರೆದವರು ಕಡಿಮೆ. ನನ್ನ ದೊಡ್ಡ ಮಾವ ಹದಿಮೂರನೇ ವಯಸ್ಸಿಗೆ ಸ್ಟೀಮರ್ ಹತ್ತಿ ಬೊಂಬಾಯಿಗೆ ಬಂದವರು. ಹಗಲು ಲೋಟ ತೊಳೆದು ರಾತ್ರಿ ಶಾಲೆಗೆ ಹೋದರು. ಆ ಕಾಲದ ಹುಡುಗರಿಗೆ ಆಸರೆಯಾದದ್ದು ಜಾತಿ ಸಂಘಗಳು: 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರ ಬಂಟರ ಸಂಘ, 1932ರ ಬಿಲ್ಲವರ ಅಸೋಸಿಯೇಶನ್. ಊರಿನ ಸುದ್ದಿ, ಕೆಲಸದ ಸುದ್ದಿ ಎರಡೂ ಅಲ್ಲೇ ಸಿಗುತ್ತಿತ್ತು.

ಊರಲ್ಲಿ ನಮಗಿದ್ದದ್ದು ಮೂರು ಎಕರೆಗೆ ತುಸು ಕಡಿಮೆ. ಚಾಲಗೇಣಿ. ಎಂದರೆ ಧಣಿ ಬಿಡು ಅಂದರೆ ಬಿಡಬೇಕಾದ ಭೂಮಿ. ಬೈಲಿನ ಗದ್ದೆಯಲ್ಲಿ ಏಣೇಲು, ಸುಗ್ಗಿ, ಕೊಳಕೆ ಮೂರೂ ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಮಳೆ ನಂಬಿದ ಒಂದೇ. ಸುಗ್ಗಿ ಕೊಯ್ದಲ್ಲಿ ಉದ್ದು, ಹುರುಳಿ. ತೋಡಿನ ಬದಿಗೆ ಐವತ್ತು ಅಡಕೆ ಮರ, ಅದಕ್ಕೆ ಕಾಳುಮೆಣಸಿನ ಬಳ್ಳಿ. ಅಂಗಳದ ಕೊನೆಗೆ ಬಸಳೆ ಚಪ್ಪರ, ಹಿಂದೆ ಹಟ್ಟಿ. ಇಷ್ಟಿದ್ದೂ ಧಣಿಯ ಗೇಣಿ ಮುಡಿ ಅಳೆದು ಕೊಟ್ಟ ಮೇಲೆ ಉಳಿದ ಅಕ್ಕಿ ಆಟಿ ತಿಂಗಳಿಗೆ ಮುಟ್ಟುತ್ತಿರಲಿಲ್ಲ. ಆ ಕೊರತೆ ತುಂಬುತ್ತಿದ್ದದ್ದು ದಾದರಿನ ಮನಿಆರ್ಡರ್. ಮಾವನ ಕಾಗದದಲ್ಲಿ ಕ್ಷೇಮ ಸಮಾಚಾರ ಒಂದೇ ಸಾಲು, ಆಮೇಲೆ ನೇರ ವಿಷಯ: "ದುಡ್ಡು ಮುಟ್ಟಿತಾ? ಕೋಣ ತೆಗೆದಿರಾ? ಗೇಣಿ ಬಾಕಿ ಎಷ್ಟುಂಟು?"

ಕೋಣ ತೆಗೆದದ್ದು ಅಜ್ಜಿ. ನೇಜಿ ನೆಟ್ಟದ್ದು, ಕೊಯ್ದದ್ದು, ಹಟ್ಟಿಗೆ ಸೊಪ್ಪು ತಂದದ್ದು ಅಜ್ಜಿ, ನನ್ನ ಅಮ್ಮ, ಚಿಕ್ಕಮ್ಮ. ಗೇಣಿ ಚೀಟಿಯಲ್ಲಿ ಮಾತ್ರ ಇದ್ದದ್ದು ಮಾವನ ಹೆಸರು. ನಮ್ಮದು ಅಳಿಯಸಂತಾನದ ಮನೆ. ತಾಯಿಯ ಕಡೆಯಿಂದ ಆಸ್ತಿ, ಆದರೆ ಕಾಗದಕ್ಕೆ ಯಜಮಾನ ಗಂಡಸೇ.

1974ರ ಮಾರ್ಚ್ 1ರಿಂದ ದೇವರಾಜ ಅರಸರ ಸರಕಾರದ ಭೂಸುಧಾರಣೆ ಜಾರಿಗೆ ಬಂತು. ಗೇಣಿ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಒಕ್ಕಲು ಫಾರಂ 7 ತುಂಬಿ ಹಕ್ಕು ಕೇಳಬೇಕು. 1979ರ ಜೂನ್ 30ರವರೆಗೂ ಅವಕಾಶ ಸಿಕ್ಕಿತು. ಆಗ ಹೋಟೆಲಿಗೆ ರಜೆ ಹಾಕಿ ಊರಿಗೆ ಓಡಿದವರು ಎಷ್ಟು ಜನವೋ. ಮಾವನೂ ಹೋದರು. ಧಣಿಯ ಕಡೆಯವರು ಟ್ರಿಬ್ಯೂನಲ್ಲಿನಲ್ಲಿ ಒಂದೇ ಮಾತು ಹಿಡಿದರು: "ಇವ ಬೊಂಬಾಯಿಯಲ್ಲಿ ಲೋಟ ತೊಳೆಯುವವ. ಉಳುವವ ಹೇಗಾಗ್ತಾನೆ?"

ಪ್ರಶ್ನೆ ಸುಳ್ಳಲ್ಲ. ಆದರೆ ಕಾಯಿದೆಯ ಪ್ರಕಾರ ಸ್ವಂತ ಸಾಗುವಳಿ ಅಂದರೆ ತನ್ನ ಮೈದುಡಿಮೆ ಮಾತ್ರ ಅಲ್ಲ, ಕುಟುಂಬದವರ ದುಡಿಮೆಯೂ ಹೌದು. ಅಜ್ಜಿ ಸಾಕ್ಷಿ ಹೇಳಿದರು. ಯಾವ ಗದ್ದೆಗೆ ಯಾವ ಬೀಜ, ಯಾವ ವರ್ಷ ನೆರೆ ಬಂತು, ಎಷ್ಟು ಮುಡಿ ಅಳೆದದ್ದು, ಎಲ್ಲ ಬಾಯಲ್ಲೇ. ಭೂಮಿ ನಮಗಾಯಿತು. ಬಂದದ್ದು ಮಾವನ ಹೆಸರಿಗೆ.

ಇಂಥ ಮನೆಗಳು ಕರಾವಳಿಯಲ್ಲಿ ಸಾವಿರಗಟ್ಟಲೆ ಇದ್ದಾವು. ಒಬ್ಬರ ಹೆಸರಿಗೆ ಬಂದ ಹಕ್ಕು ಅವರೊಬ್ಬರದೋ ಇಡೀ ಕುಟುಂಬದ್ದೋ ಎಂಬ ತಕರಾರು ಹೈಕೋರ್ಟಿನ ತನಕ ಹೋಗಿದೆ. ಮೊದಲು ಅದು ಯಾರಿಗೂ ಬೇಡದ ಪ್ರಶ್ನೆ, ಭೂಮಿಗೆ ಬೆಲೆ ಇರಲಿಲ್ಲವಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಊರು ಒಂದು ರಾತ್ರಿಯ ದಾರಿಯಾಯಿತು. 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಈಗ ಗದ್ದೆ ಹಡಿಲು ಬಿದ್ದಿದ್ದರೂ ಕೇಳಿಕೊಂಡು ಬರುವವರಿಗೆ ಕಡಿಮೆಯಿಲ್ಲ.

ನಮ್ಮಲ್ಲಿ ಬೈಲಿನ ಒಂದೇ ಗದ್ದೆಗೆ ಈಗ ನೇಜಿ ಹಾಕುತ್ತಾರೆ. ಬೆಟ್ಟಿನಲ್ಲಿ ಚಿಕ್ಕಮ್ಮ ಶಂಕರಪುರ ಮಲ್ಲಿಗೆ ಇಟ್ಟಿದ್ದಾರೆ. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮುಂಜಾನೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಕಟ್ಟೆಗೆ ಮುಟ್ಟಿಸಬೇಕು. ಶಂಕರಪುರದ ಹೂವಿಗೆ ಮುಂಬಯಿಯಲ್ಲೂ ಗಿರಾಕಿಗಳಿದ್ದಾರೆ. ದುಡ್ಡು ಈಗಲೂ ಈ ಊರಿಂದ ಆ ಊರಿಗೇ ಹೋಗುತ್ತದೆ. ಮನಿಆರ್ಡರ್ ಫಾರಂ ಒಂದಿಲ್ಲ ಅಷ್ಟೇ.

ಮಾವ ತೀರಿಕೊಳ್ಳುವ ಎರಡು ವರ್ಷ ಮೊದಲು ದಾದರಿನ ಮನೆಯಲ್ಲಿ ಮಕ್ಕಳನ್ನು ಕೂರಿಸಿ, "ನಾನು ಕಳಿಸಿದ್ದು ದುಡ್ಡು. ಗದ್ದೆ ಉಳಿಸಿದ್ದು ಅವರು" ಅಂದರು. ಪಾಲುಪಟ್ಟಿಗೆ ಮಕ್ಕಳು ಒಪ್ಪಿ ರುಜು ಹಾಕಿದರು. ಪಹಣಿಯ ಒಂಬತ್ತನೇ ಕಾಲಂ ಒಡೆತನದ್ದು, ಹನ್ನೆರಡನೆಯದು ಸಾಗುವಳಿಯದ್ದು. ಎರಡರಲ್ಲೂ ಈಗ ಅಮ್ಮನ, ಚಿಕ್ಕಮ್ಮನ ಹೆಸರಿದೆ. ಅಜ್ಜಿಯ ಹೆಸರು ಎಲ್ಲೂ ಇಲ್ಲ.