ಪಕ್ಕದ ಗಾಲಿ ಮತ್ತು ತೆರಿಗೆ ವಿನಾಯಿತಿ

ಸೇಡಂ ತಾಲ್ಲೂಕಿನ ಆಡಕಿಯಿಂದ ಕಲಬುರಗಿಗೆ ಹೊರಟವರಿಗೆ ದಾರಿಯುದ್ದಕ್ಕೂ ಫರಸಿ ಕಲ್ಲಿನ ಲಾರಿಗಳು, ಸಿಮೆಂಟಿನ ಟ್ಯಾಂಕರುಗಳು ಎದುರಾಗುತ್ತವೆ. ಅವುಗಳ ನಡುವೆ, ಹಿಂದಿನ ಗಾಲಿಯ ಎಡಬಲಕ್ಕೆ ಒಂದೊಂದು ಚಿಕ್ಕ ಗಾಲಿ ಜೋಡಿಸಿದ ಸ್ಕೂಟರ್ ಕಂಡರೆ ಅದು ಕಾಲಿನ ಬಲ ಕುಂದಿದವರ ವಾಹನವೆಂದು ಯಾರಿಗಾದರೂ ತಿಳಿಯುತ್ತದೆ. ಇಷ್ಟನ್ನು ತಿಳಿಯಲು ನಮ್ಮ ಕಾನೂನಿಗೆ ಮಾತ್ರ ಎಂಬತ್ತು ವರ್ಷ ಬೇಕಾಯಿತು.

1939ರ ಮೋಟಾರು ವಾಹನ ಕಾಯ್ದೆಯಲ್ಲಿ ‘ಇನ್‌ವ್ಯಾಲಿಡ್ ಕ್ಯಾರೇಜ್’, ಅಂದರೆ ಅಶಕ್ತರ ಗಾಡಿ, ಎಂಬ ಪದವಿತ್ತು. ಅದರ ತೂಕ ಐದು ಹಂಡ್ರೆಡ್‌ವೇಟ್, ಅಂದರೆ ಸುಮಾರು 254 ಕಿಲೋಗ್ರಾಂ ಮೀರಬಾರದು. ಅಂಗವಿಕಲರಿಗೆಂದೇ ಅದನ್ನು ತಯಾರಿಸಿರಬೇಕು. ಇದ್ದ ವಾಹನವನ್ನು ಬರಿದೇ ಮಾರ್ಪಡಿಸಿದರೆ ಸಾಲದು ಎಂದು ಕಾಯ್ದೆ ಹೇಳಿತು. ಈ ಕಲ್ಪನೆ ಬಂದದ್ದು ಇಂಗ್ಲೆಂಡಿನಿಂದ. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಸರ್ಕಾರವೇ ಇಂತಹ ಮೂರು ಗಾಲಿಯ ಗಾಡಿಗಳನ್ನು ಅಂಗವಿಕಲರಿಗೆ ಒದಗಿಸಿತು. ನಮ್ಮಲ್ಲಿ ಬಳಕೆಗೆ ಬಂದದ್ದು ಊರಿನ ಮೆಕ್ಯಾನಿಕ್ ಪಕ್ಕದ ಗಾಲಿ ಕೂರಿಸಿಕೊಟ್ಟ ಸ್ಕೂಟರ್. ವ್ಯಾಖ್ಯೆ ಹೊರಗಿಟ್ಟದ್ದು ಅದನ್ನೇ. 1988ರ ಹೊಸ ಕಾಯ್ದೆ ತೂಕದ ಮಿತಿಯನ್ನು ಬಿಟ್ಟಿತು. ‘ಬರಿದೇ ಮಾರ್ಪಡಿಸಿದ್ದಲ್ಲ’ ಎಂಬ ಮಾತನ್ನು ಉಳಿಸಿಕೊಂಡಿತು. 2019ರ ತಿದ್ದುಪಡಿಯಲ್ಲಿ ಆ ಹಳೆಯ ವ್ಯಾಖ್ಯೆ ರದ್ದಾಗಿ, ‘ಮಾರ್ಪಡಿಸಿದ ವಾಹನ’ ಎಂಬ ಹೊಸ ವ್ಯಾಖ್ಯೆ ಸೇರಿತು. ಮಾಲೀಕರು ತಮ್ಮ ವಾಹನವನ್ನು ಅಗತ್ಯಕ್ಕೆ ತಕ್ಕಂತೆ ಬದಲಿಸಿ, ಬಳಿಕ ನೋಂದಣಿ ಅಧಿಕಾರಿಯ ಒಪ್ಪಿಗೆ ಪಡೆಯಬಹುದಾಯಿತು.

ತೆರಿಗೆಯ ಕಥೆ ಬೇರೆ. ಅದು ರಾಜ್ಯದ ಅಧಿಕಾರ. 1939ರಲ್ಲಿ ಸೇಡಂ, ಚಿತ್ತಾಪುರಗಳು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1956ರ ನವೆಂಬರ್ 1ರಂದು ಅವು ಮೈಸೂರು ರಾಜ್ಯಕ್ಕೆ ಬಂದವು. ಮರುವರ್ಷವೇ ಇಡೀ ರಾಜ್ಯಕ್ಕೆ ಒಂದೇ ಮೋಟಾರು ವಾಹನ ತೆರಿಗೆ ಕಾಯ್ದೆಯಾಯಿತು. ಸಾರ್ವಜನಿಕ ಹಿತಕ್ಕಾಗಿ ಅಧಿಸೂಚನೆಯ ಮೂಲಕ ತೆರಿಗೆ ಬಿಡುವ ಅಥವಾ ಇಳಿಸುವ ಅಧಿಕಾರವನ್ನು ಅದರ 16ನೇ ಕಲಂ ಸರ್ಕಾರಕ್ಕೆ ಕೊಟ್ಟಿದೆ. ಹೀಗೆ ಅಧಿಸೂಚನೆಯಿಂದ ಬರುವ ವಿನಾಯಿತಿ ಇನ್ನೊಂದು ಅಧಿಸೂಚನೆಯಿಂದ ಬದಲಾಗಬಹುದು.

ಕೇಂದ್ರದ ತೆರಿಗೆಯಲ್ಲಿ ಈ ಅಸ್ಥಿರತೆ ಇತ್ತೀಚೆಗೆ ಎದ್ದು ಕಂಡಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಸಣ್ಣ ಕಾರುಗಳ ಮೇಲಿನ ದರ ಶೇಕಡ 28. ಅದರ ಮೇಲೆ ಸೆಸ್. ಕೈಕಾಲು, ಮೂಳೆಗೆ ಸಂಬಂಧಿಸಿದ ಅಂಗವಿಕಲತೆ ಶೇಕಡ 40ಕ್ಕೆ ಕಡಿಮೆಯಿಲ್ಲದವರಿಗೆ ಮಾತ್ರ ಶೇಕಡ 18. ಆರು ಲಕ್ಷ ರೂಪಾಯಿಯ ಕಾರಿಗೆ ಸೆಸ್ ಬಿಟ್ಟು ಅರವತ್ತು ಸಾವಿರ ರೂಪಾಯಿ ಉಳಿಯುತ್ತಿತ್ತು. ಐದು ವರ್ಷ ಕಾರನ್ನು ಮಾರುವುದಿಲ್ಲವೆಂದು ಪ್ರಮಾಣಪತ್ರ ಬರೆದುಕೊಡಬೇಕಿತ್ತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ದರ ಎಲ್ಲರಿಗೂ ಶೇಕಡ 18 ಆಯಿತು. ಅಂಗವಿಕಲರಿಗಿದ್ದ ಹತ್ತರ ಅಂತರ ಅಲ್ಲಿಗೆ ಅಳಿಯಿತು. ಕೈಯಿಂದಲೇ ಬ್ರೇಕ್ ಹಾಕುವ ಸಾಧನ ಕೂರಿಸುವ ಹೆಚ್ಚುವರಿ ಖರ್ಚು ಮಾತ್ರ ಮೊದಲಿನಂತೆ ಅವರ ಪಾಲಿಗೇ ಉಳಿಯಿತು.

ಆ ರಿಯಾಯಿತಿ ಇದ್ದಾಗಲೂ ಕಣ್ಣು ಕಾಣದವರು, ಬುದ್ಧಿಮಾಂದ್ಯ ಮಗುವನ್ನು ಚಿಕಿತ್ಸೆಗೆ ಕರೆದೊಯ್ಯುವ ತಂದೆತಾಯಿಗಳು ಅದರ ಹೊರಗಿದ್ದರು. ಐರ್ಲೆಂಡ್ ಇದೇ ತೊಡಕನ್ನು ಎದುರಿಸಿದೆ. 1968ರಲ್ಲಿ ಅಲ್ಲಿ ವಾಹನ ಚಲಾಯಿಸುವ ಅಂಗವಿಕಲರಿಗೆ ತೆರಿಗೆ ರಿಯಾಯಿತಿ ಸಿಕ್ಕಿತು. ಪ್ರಯಾಣಿಕರಿಗೆ ಅದು ದಕ್ಕಿದ್ದು 1989ರಲ್ಲಿ. 1994ರ ನಿಯಮಗಳ ವೈದ್ಯಕೀಯ ಮಾನದಂಡ ಮೂಲ ಕಾಯ್ದೆಗೆ ಹೊಂದುವುದಿಲ್ಲವೆಂದು 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ತೆರಿಗೆ ಮಾಫಿಗಿಂತ ವ್ಯಕ್ತಿಯ ಅಗತ್ಯವನ್ನು ನೋಡಿ ವಾಹನ ಮಾರ್ಪಾಡಿಗೆ ನೆರವು ನೀಡುವುದು ಮೇಲೆಂಬ ನಿಲುವಿಗೆ ಮುಂದಿನ ಪರಿಶೀಲನೆ ಬಂದಿತು.

ನಮ್ಮಲ್ಲಿ ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವಿಕಲತೆಯ ವಿಧಗಳನ್ನು ಏಳರಿಂದ 21ಕ್ಕೆ ಏರಿಸಿತು. ಅದರ 41ನೇ ಕಲಂ ಸರ್ಕಾರಗಳಿಗೆ ಮೂರು ಕೆಲಸ ವಹಿಸಿದೆ: ರಿಯಾಯಿತಿ, ವಾಹನ ಮಾರ್ಪಾಡು, ಓಡಾಟಕ್ಕೆ ವೈಯಕ್ತಿಕ ನೆರವು. ಮೂರೂ ಕೈಗೆಟುಕುವ ಖರ್ಚಿನಲ್ಲಿ ಆಗಬೇಕು. ತೆರಿಗೆ ವಿನಾಯಿತಿ ಇವುಗಳಲ್ಲಿ ಮೊದಲನೆಯದು ಮಾತ್ರ. ಅದೂ ವಾಹನ ಕೊಳ್ಳುವ ಶಕ್ತಿಯಿದ್ದವರಿಗೆ. ವಾಹನದ ಬೆಲೆ ಹೆಚ್ಚಿದಷ್ಟೂ ಮಾಫಿಯಾಗುವ ಹಣವೂ ಹೆಚ್ಚು.

ಆಡಕಿಯಂತಹ ಊರಿನಲ್ಲಿ ಅಂಗವಿಕಲರ ಅಗತ್ಯಗಳು ಸರಳ: ತಿಂಗಳಿಗೊಮ್ಮೆ ಆಸ್ಪತ್ರೆ, ಪ್ರಮಾಣಪತ್ರಕ್ಕೆ ಕಚೇರಿ, ಮಗಳಿಗೆ ಸೇಡಂನ ಕಾಲೇಜು. ಸ್ವಂತ ವಾಹನವಿಲ್ಲದವರಿಗೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸೇ ಆಧಾರ. ಅಲ್ಲಿ ರಿಯಾಯಿತಿ ಪಾಸು ಸಿಕ್ಕರೂ ಎತ್ತರದ ಮೆಟ್ಟಿಲು ಹತ್ತಿಸುವವರು ಬೇಕು. ವಾಹನ ತೆರಿಗೆಯ ರಿಯಾಯಿತಿಯನ್ನು ಸರ್ಕಾರ ಮರುಪರಿಶೀಲಿಸುವಾಗ ವಾಹನ ಯಾರ ಹೆಸರಿನಲ್ಲಿದೆ, ಚಲಾಯಿಸುವವರು ಯಾರು ಎಂದಷ್ಟೇ ಕೇಳಿದರೆ ಇವರ ಹೆಸರು ಯಾವ ಅರ್ಜಿಯಲ್ಲೂ ಬರುವುದಿಲ್ಲ. ಅಂಗವಿಕಲರು ಎಲ್ಲಿಗೆ ಹೋಗಬೇಕು, ಹೇಗೆ ಹೋಗುತ್ತಿದ್ದಾರೆ ಎಂದು ಮೊದಲು ವಿಚಾರಿಸಿದರೆ, ಪಕ್ಕದ ಗಾಲಿಯ ಸ್ಕೂಟರಿನವರೂ ಬಸ್ಸಿನ ಮೆಟ್ಟಿಲ ಬಳಿ ನಿಂತವರೂ ಒಂದೇ ಲೆಕ್ಕಕ್ಕೆ ಬರುತ್ತಾರೆ.