ಕುಂಡದ ಗಿಡಗಳ ನೀರು ಮತ್ತು ಪೋಷಣೆ

ಮನೆಯೊಳಗೆ, ಜಗಲಿಯಲ್ಲಿ ಅಥವಾ ಕಿಟಕಿಯ ಪಕ್ಕ ಕುಂಡದಲ್ಲಿ ಬೆಳೆಸುವ ಗಿಡಗಳಿಗೆ ನೀರು, ಗೊಬ್ಬರ ಕೊಡುವ ಕ್ರಮ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಹಿನ್ನೆಲೆಯಲ್ಲಿ ಈ ವಿಷಯವನ್ನು ನೋಡುವುದಕ್ಕೆ ಕಾರಣವಿದೆ. ಕಂದಾಯದ ದಾಖಲೆಗಳು ಭೂಮಿಯನ್ನು ತರಿ, ಖುಷ್ಕಿ, ಬಾಗಾಯ್ತು ಎಂದು ವಿಂಗಡಿಸುತ್ತವೆ. ನೀರನ್ನು ಬಳಸುವ ಈ ಮೂರು ರೀತಿಗಳೂ ಇಲ್ಲಿ ಅಕ್ಕಪಕ್ಕದಲ್ಲೇ ಸಿಗುತ್ತವೆ: ನಾಲೆಯ ಕೆಳಗೆ ಭತ್ತ ಮತ್ತು ಕಬ್ಬು, ನಾಗಮಂಗಲದ ಬೆದ್ದಲಿನಲ್ಲಿ ರಾಗಿ ಮತ್ತು ಹುರುಳಿ, ಹೊಳೆ ಹಾಗೂ ಕೆರೆಗಳ ಆಸುಪಾಸಿನಲ್ಲಿ ತೆಂಗು, ಬಾಳೆ, ವೀಳ್ಯದೆಲೆ. ಹೊಸದಾಗಿ ಗಿಡ ಸಾಕುವವರು ತಮಗೆ ಅರಿವಿಲ್ಲದೆಯೇ ಇವುಗಳಲ್ಲಿ ಒಂದರ ಅಭ್ಯಾಸವನ್ನು ಕುಂಡಕ್ಕೂ ತರುತ್ತಾರೆ. ಹೆಚ್ಚಿನ ಪಾಲು ತರಿಯದನ್ನು. ಕುಂಡಕ್ಕೆ ಹೊಂದುವುದು ಬಾಗಾಯ್ತಿನ ಕ್ರಮ, ಅಂದರೆ ಆಗಾಗ ನೀರು ಕೊಟ್ಟು, ಕೊಟ್ಟ ನೀರು ನಿಲ್ಲದೆ ಬಸಿದುಹೋಗುವಂತೆ ನೋಡಿಕೊಳ್ಳುವುದು ಎಂಬುದು ಈ ಲೇಖನದ ನಿಲುವು.

ಬೇರು ಮತ್ತು ಗಾಳಿ

ಬೇರು ಉಸಿರಾಡುತ್ತದೆ. ನೀರನ್ನೂ ಲವಣಗಳನ್ನೂ ಹೀರಲು ಅದಕ್ಕೆ ಆಮ್ಲಜನಕ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ನೀರೂ ಗಾಳಿಯೂ ಜಾಗ ಹಂಚಿಕೊಂಡಿರುತ್ತವೆ. ಎಲ್ಲ ಸಂದುಗಳಲ್ಲೂ ನೀರೇ ತುಂಬಿದರೆ ಬೇರಿಗೆ ಉಸಿರು ಕಟ್ಟುತ್ತದೆ. ಭತ್ತ ಇದಕ್ಕೆ ಹೊರತು. ಅದರ ಕಾಂಡ ಮತ್ತು ಬೇರುಗಳಲ್ಲಿ ಗಾಳಿ ಸಾಗುವ ಪೊಳ್ಳು ಅಂಗಾಂಶವಿರುವುದರಿಂದ ಎಲೆಯ ಕಡೆಯಿಂದ ಬಂದ ಆಮ್ಲಜನಕ ಕೆಸರಿನೊಳಗಿನ ಬೇರಿನವರೆಗೂ ಇಳಿಯುತ್ತದೆ. ತುಳಸಿ, ಕರಿಬೇವು, ದೊಡ್ಡಪತ್ರೆ, ಗುಲಾಬಿ, ಮಲ್ಲಿಗೆಗಳಿಗೆ ಈ ಅನುಕೂಲ ಇಲ್ಲ. ಉಸಿರುಗಟ್ಟಿದ ಬೇರಿಗೆ ಪಿಥಿಯಂ ಮತ್ತು ಫೈಟಾಫ್ತೊರ ಕುಲದ ರೋಗಾಣುಗಳು ತಗಲುತ್ತವೆ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಜೀವಿಯೂ ಈ ಎರಡನೆಯ ಕುಲದ್ದೇ. ಕೊಳೆತ ಬೇರು ನೀರು ಹೀರಲಾರದು. ಹೀಗಾಗಿ ಅತಿ ನೀರಿನಿಂದ ನರಳುವ ಗಿಡವೂ ಬಾಯಾರಿದ ಗಿಡದಂತೆಯೇ ಎಲೆ ಜೋಲಿಸುತ್ತದೆ. ಅದನ್ನು ಕಂಡವರು ಕನಿಕರದಿಂದ ಇನ್ನೊಂದು ಚೊಂಬು ನೀರು ಹಾಕುತ್ತಾರೆ. ಎಲೆ ಜೋತಾಗ ಮೊದಲು ಮಾಡಬೇಕಾದ ಕೆಲಸ ಮಣ್ಣು ಮುಟ್ಟಿ ನೋಡುವುದು. ಮಣ್ಣು ಒದ್ದೆಯಿದ್ದೂ ಎಲೆ ಬಾಡಿದ್ದರೆ ತೊಂದರೆ ಬೇರಿನಲ್ಲಿದೆ.

ಹೊಲದ ಮಣ್ಣಿಗೂ ಕುಂಡದ ಮಣ್ಣಿಗೂ ಮುಖ್ಯ ವ್ಯತ್ಯಾಸ ಆಳದ್ದು. ಹೊಲದಲ್ಲಿ ಮೇಲಿನ ನೀರನ್ನು ಕೆಳಗಿನ ಮಣ್ಣು ಎಳೆದುಕೊಳ್ಳುತ್ತಲೇ ಇರುತ್ತದೆ. ಕುಂಡದಲ್ಲಿ ಆ ಎಳೆತ ತಳದಲ್ಲೇ ಕಡಿದುಹೋಗುತ್ತದೆ. ತೂತಿದ್ದರೂ ತಳದ ಕೆಲವು ಬೆರಳಿನಷ್ಟು ಮಣ್ಣು ನೀರಿನಿಂದ ತುಂಬಿಯೇ ಉಳಿಯುತ್ತದೆ. ಈ ಒದ್ದೆ ಪದರದ ಎತ್ತರ ಮಣ್ಣಿನ ನಯವನ್ನು ಅವಲಂಬಿಸಿದೆಯೇ ಹೊರತು ಕುಂಡದ ಗಾತ್ರವನ್ನಲ್ಲ. ಆದ್ದರಿಂದ ಒಂದೇ ಮಣ್ಣು ತುಂಬಿದ ಎರಡು ಕುಂಡಗಳಲ್ಲಿ ಗಿಡ್ಡನೆಯದರಲ್ಲಿ ಬೇರಿಗೆ ಒಣ ಜಾಗ ಕಡಿಮೆ, ಎತ್ತರದ್ದರಲ್ಲಿ ಹೆಚ್ಚು. ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಭೌತಶಾಸ್ತ್ರ ಅದನ್ನು ಒಪ್ಪುವುದಿಲ್ಲ. ನಯವಾದ ಮಣ್ಣಿನ ನೀರು ಒರಟು ಜಲ್ಲಿಗೆ ಇಳಿಯಬೇಕಾದರೆ ಮಣ್ಣು ಮೊದಲು ಪೂರ್ತಿ ತೊಯ್ಯಬೇಕು. ಜಲ್ಲಿಯಿಂದ ಒದ್ದೆ ಪದರ ಮಾಯವಾಗದು, ಬೇರಿಗೆ ಇನ್ನಷ್ಟು ಹತ್ತಿರ ಏರುತ್ತದೆ. ತೂತು ಮುಚ್ಚದಿರಲು ಒಂದು ಮಡಕೆಚೂರು ಸಾಕು.

ಕುಂಡ ಕಲಿಸಿದ ವಿಜ್ಞಾನ

ಗಿಡ ಏನು ತಿನ್ನುತ್ತದೆ, ಎಷ್ಟು ಕುಡಿಯುತ್ತದೆ ಎಂಬುದನ್ನು ಮನುಷ್ಯ ಅಳೆದು ತಿಳಿದದ್ದು ಕುಂಡದಿಂದಲೇ. ಹೊಲದಲ್ಲಿ ಒಳಬಂದದ್ದು, ಹೊರಹೋದದ್ದು ಲೆಕ್ಕಕ್ಕೆ ಸಿಗುವುದಿಲ್ಲ. ಕುಂಡವನ್ನು ತಕ್ಕಡಿಯಲ್ಲಿ ಇಡಬಹುದು. ಬ್ರಸೆಲ್ಸ್‌ನ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್ 200 ಪೌಂಡ್ ಒಣಮಣ್ಣು ತುಂಬಿದ ಕುಂಡದಲ್ಲಿ 5 ಪೌಂಡ್ ತೂಕದ ವಿಲೋ ಸಸಿ ನೆಟ್ಟು, 5 ವರ್ಷ ಮಳೆನೀರು ಅಥವಾ ಬಟ್ಟಿ ಇಳಿಸಿದ ನೀರನ್ನು ಮಾತ್ರ ಹಾಕಿದ. ಕೊನೆಗೆ ಮರದ ತೂಕ 169 ಪೌಂಡ್‌ಗೆ ಏರಿತ್ತು, ಮಣ್ಣಿನಲ್ಲಿ ಕಡಿಮೆಯಾದದ್ದು ಸುಮಾರು 2 ಔನ್ಸ್ ಮಾತ್ರ. ಮರವೆಲ್ಲ ನೀರಿನಿಂದಲೇ ಆಯಿತೆಂದು ಅವನು ತೀರ್ಮಾನಿಸಿದ. ಅವನ ಮರಣಾನಂತರ, 1648ರಲ್ಲಿ ಇದು ಅಚ್ಚಾಯಿತು. ತೀರ್ಮಾನ ತಪ್ಪು, ಏಕೆಂದರೆ ಗಾಳಿಯ ಇಂಗಾಲ ಅವನ ಲೆಕ್ಕಕ್ಕೆ ಬಂದಿರಲಿಲ್ಲ. ಆದರೂ ಗೊಬ್ಬರದ ಬಗ್ಗೆ ಅದರಲ್ಲೊಂದು ನಿಜವಿದೆ: ಮಣ್ಣಿನಿಂದ ಗಿಡ ಎತ್ತಿಕೊಳ್ಳುವ ಲವಣ ತೂಕದಲ್ಲಿ ಬಹಳ ಅಲ್ಪ. ಕಳೆದುಹೋದ ಆ 2 ಔನ್ಸ್‌ಗೂ ಬೆಲೆಯಿದೆ ಎಂದು ತೋರಿಸಿದವನು ಜಾನ್ ವುಡ್‌ವರ್ಡ್. ಮಳೆನೀರು, ಥೇಮ್ಸ್ ನದಿಯ ನೀರು, ತೋಟದ ಮಣ್ಣು ಕದಡಿದ ನೀರು ಇವುಗಳಲ್ಲಿ ಪುದೀನ ಬೆಳೆಸಿ, ನೀರು ಕದಡಿದಷ್ಟೂ ಗಿಡ ಹುಲುಸಾದದ್ದನ್ನು ಅವನು 1699ರಲ್ಲಿ ವರದಿ ಮಾಡಿದ.

ನೀರಿನ ಮಟ್ಟಿಗೆ ಅತ್ಯಂತ ಮುಖ್ಯವಾದ ಪ್ರಯೋಗ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್‌ನದು. 1724ರ ಬೇಸಗೆಯಲ್ಲಿ ಅವನು ಮೂರೂವರೆ ಅಡಿ ಎತ್ತರದ ಸೂರ್ಯಕಾಂತಿಯ ಕುಂಡದ ಬಾಯನ್ನು ಸೀಸದ ತಗಡಿನಿಂದ ಮುಚ್ಚಿ, 15 ದಿನ ಬೆಳಿಗ್ಗೆ ಸಂಜೆ ತೂಗಿದ. ಹಗಲಿನ 12 ಗಂಟೆಗಳಲ್ಲಿ ಗಿಡ ಸರಾಸರಿ 1 ಪೌಂಡ್ 4 ಔನ್ಸ್, ಎಂದರೆ ಸುಮಾರು 570 ಗ್ರಾಂ ನೀರನ್ನು ಆವಿಯಾಗಿ ಬಿಟ್ಟಿತ್ತು. ಬಹಳ ಬಿಸಿಯಾದ ಒಣ ದಿನ ಅದು 1 ಪೌಂಡ್ 14 ಔನ್ಸ್‌ಗೆ ಏರಿತು. ಇಬ್ಬನಿ ಇಲ್ಲದ ಬೆಚ್ಚನೆಯ ರಾತ್ರಿಯಲ್ಲಿ 3 ಔನ್ಸ್‌ಗೆ ಇಳಿಯಿತು. 1727ರಲ್ಲಿ ಪ್ರಕಟವಾದ ಈ ಅಂಕಿಗಳನ್ನು ಇಲ್ಲಿ ವಿವರವಾಗಿ ಕೊಡಲು ಕಾರಣವಿದೆ. ಅದೇ ಗಿಡ, ಅದೇ ಕುಂಡವಾದರೂ ನೀರಿನ ಬೇಡಿಕೆ ದಿನದಿನಕ್ಕೆ ಒಂದೂವರೆ ಪಟ್ಟು ಏರಿಳಿಯುತ್ತದೆ. ಹಾಗಿರುವಾಗ ‘ದಿನಕ್ಕೊಂದು ಲೋಟ’ ಎಂಬ ಕಟ್ಟಳೆ ಯಾವ ಗಿಡಕ್ಕೂ ಸರಿಹೋಗದು. ಹೇಲ್ಸ್‌ನ ವಿಧಾನ ಇಂದಿಗೂ ಆರಂಭಿಕರಿಗೆ ಅತ್ಯುತ್ತಮವಾದದ್ದು. ನೀರು ಹಾಕಿ ಬಸಿದ ಮೇಲೆ ಕುಂಡವನ್ನೊಮ್ಮೆ ಎತ್ತಿ ನೋಡಬೇಕು, ಎರಡು ಮೂರು ದಿನ ಬಿಟ್ಟು ಮತ್ತೊಮ್ಮೆ ಎತ್ತಬೇಕು. ಹಗುರಾದದ್ದು ಕೈಗೆ ತಿಳಿದಾಗ ನೀರು ಕೊಡಬೇಕು.

ಅಚ್ಚುಕಟ್ಟಿನ ಪಾಠ

ನೀರು ಬಸಿಯದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಾಲೆಯ ಇತಿಹಾಸವೇ ಸಾಕ್ಷಿ. ಈ ಸೀಮೆಯ ಹಳೆಯ ನಾಲೆಗಳು ಹೊಳೆಯ ಕಟ್ಟೆಗಳಿಂದ ಹೊರಟವು. ಶ್ರೀರಂಗಪಟ್ಟಣದ ದ್ವೀಪಕ್ಕೆ ಮೇಲ್ಗಾಲುವೆಯ ಮೂಲಕ ನೀರು ತಂದ ಬಂಗಾರದೊಡ್ಡಿ ನಾಲೆಯನ್ನು ಕಂಠೀರವ ನರಸರಾಜ ಒಡೆಯರ ಕಾಲದ್ದೆಂದು (1638–1659) ಹೇಳಲಾಗುತ್ತದೆ. ಅದು ಹರಿದದ್ದು ಹೊಳೆಯ ನಡುವಣ ದ್ವೀಪದಲ್ಲಿ. ಹೆಚ್ಚಾದ ನೀರು ಮತ್ತೆ ಹೊಳೆ ಸೇರಲು ದೂರವಿರಲಿಲ್ಲ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ ಮುಗಿದು, ಹುಲಿಕೆರೆ ಸುರಂಗದ ಮೂಲಕ ಇರ್ವಿನ್ ನಾಲೆ (ಈಗಿನ ವಿಶ್ವೇಶ್ವರಯ್ಯ ನಾಲೆ) ಮಂಡ್ಯದ ಒಣನೆಲಕ್ಕೆ ಹರಿದಾಗ ಪರಿಸ್ಥಿತಿ ಬೇರೆಯಾಯಿತು. ನೀರು ಬರುವ ದಾರಿ ದೊಡ್ಡದು, ಹೋಗುವ ದಾರಿ ಸಣ್ಣದು. ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತ್ಯದ ನೀರಾ ನಾಲೆಯಲ್ಲಿ ರೂಪಿಸಿದ ಬ್ಲಾಕ್ ಪದ್ಧತಿಯನ್ನು ಇಲ್ಲಿಯೂ ಅನುಸರಿಸಲಾಯಿತು. ಒಂದು ಭಾಗದಲ್ಲಿ ಕಬ್ಬು, ಇನ್ನೊಂದರಲ್ಲಿ ಭತ್ತ, ಮತ್ತೊಂದರಲ್ಲಿ ಅರೆನೀರಾವರಿ ಬೆಳೆ ಎಂದು ಸರದಿ ಇಟ್ಟು, ನೀರನ್ನು ಹೆಚ್ಚು ಹಳ್ಳಿಗಳಿಗೆ ಹಂಚುವ ಜೊತೆಗೆ ಒಂದೇ ನೆಲಕ್ಕೆ ಸತತವಾಗಿ ನೀರು ನಿಲ್ಲಿಸದಿರುವುದು ಆ ಪದ್ಧತಿಯ ತಿರುಳು. ಶಿಸ್ತು ಸಡಿಲಿಸಿ ಭತ್ತ, ಕಬ್ಬುಗಳೇ ಹಬ್ಬಿದ ಕಡೆ, ತಗ್ಗಿನ ಜಮೀನುಗಳಲ್ಲಿ ಜೌಗು ಹಿಡಿಯಿತು, ಚೌಳು ಎದ್ದಿತು. ನೀರು ಆವಿಯಾಗಿ ಹೋಗುತ್ತದೆ, ಅದರೊಳಗಿನ ಉಪ್ಪು ಹೋಗುವುದಿಲ್ಲ; ಬಸಿಗಾಲುವೆ ಇಲ್ಲದಿದ್ದರೆ ಅದು ಮೇಲಕ್ಕೇ ಬಂದು ಕೂರುತ್ತದೆ.

ಕುಂಡವೂ ಅಂಥದೇ ಒಂದು ಅಚ್ಚುಕಟ್ಟು. ಮಣ್ಣಿನ ಕುಂಡದ ಹೊರಮೈಯಲ್ಲಿ, ಅಂಚಿನಲ್ಲಿ ಕಾಣುವ ಬಿಳಿ ಪರೆ ಮನೆಯೊಳಗಿನ ಚೌಳು. ಅದಕ್ಕೆ ಪರಿಹಾರವೂ ಹೊಲದ್ದೇ. ಕೊಟ್ಟಾಗ ಪೂರ್ತಿ ನೆನೆಯುವಂತೆ ಕೊಟ್ಟು, ಹತ್ತರಲ್ಲಿ ಒಂದೆರಡು ಪಾಲು ತಳದಿಂದ ಹೊರಬರುವಂತೆ ನೋಡಿಕೊಂಡು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು. ದಿನಾ ಚೂರುಚೂರು ಚಿಮುಕಿಸುವುದು ಉಪ್ಪನ್ನು ಕೂಡಿಡುವ ದಾರಿ.

ನೀರಿನ ಗುಣ

ನಾಲ್ಕು ತಾಲ್ಲೂಕುಗಳ ನೀರು ಒಂದೇ ಅಲ್ಲ. ಕಾವೇರಿ, ಹೇಮಾವತಿಗಳ ಹೊಳೆನೀರಿನಲ್ಲಿ ಲವಣ ಕಡಿಮೆ, ಬೋರ್‌ವೆಲ್ ನೀರಿನಲ್ಲಿ ಸಾಮಾನ್ಯವಾಗಿ ಹೆಚ್ಚು. ಕೊಡದ ಒಳಗೆ ಬಿಳಿ ಕಟ್ಟುವ ಗಡುಸು ನೀರಿನ ಬೈಕಾರ್ಬೊನೇಟು ಕಾಲಕ್ರಮದಲ್ಲಿ ಕುಂಡದ ಮಣ್ಣನ್ನು ಕ್ಷಾರದ ಕಡೆಗೆ ಒಯ್ಯುತ್ತದೆ. ಆಗ ಕಬ್ಬಿಣ ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕದು. ಎಳೆಯ ಎಲೆಗಳು ನರ ಹಸಿರಾಗಿ, ನಡುವೆಲ್ಲ ಹಳದಿಯಾಗಿ ಕಾಣುತ್ತವೆ. ಫ್ಲೋರೈಡ್ ಇರುವ ನೀರಿನಿಂದ ಡ್ರಸೀನದಂಥ ಗಿಡಗಳ ಎಲೆತುದಿ ಸುಡುತ್ತದೆ. ಮನೆಯ ಆರ್.ಒ. ಯಂತ್ರ ಹೊರಹಾಕುವ ನೀರನ್ನು ವ್ಯರ್ಥವಾಗಬಾರದೆಂದು ಗಿಡಕ್ಕೆ ಹಾಕುವವರಿದ್ದಾರೆ. ಉದ್ದೇಶ ಒಳ್ಳೆಯದು, ಆದರೆ ಮೂಲ ನೀರಿನ ಉಪ್ಪೆಲ್ಲ ಅದರಲ್ಲೇ ಸಾಂದ್ರವಾಗಿರುತ್ತದೆ. ಅದು ನೆಲ ತೊಳೆಯುವುದಕ್ಕೆ ಇರಲಿ. ಮಳೆಗಾಲದಲ್ಲಿ ಮಾಡಿನ ನೀರು ಹಿಡಿದು, ತಿಂಗಳಿಗೊಮ್ಮೆ ಕುಂಡವನ್ನು ಚೆನ್ನಾಗಿ ತೊಳೆಸುವುದು ಬೋರ್‌ವೆಲ್ ನೀರಿನ ಮನೆಗಳಿಗೆ ವಿಶೇಷವಾಗಿ ಉಪಯುಕ್ತ.

ಮಣ್ಣು ಮತ್ತು ಗೊಬ್ಬರ

ಹೊಲದ ಕೆಂಪುಮಣ್ಣನ್ನೇ ತುಂಬಿದರೆ ಅದು ಕುಂಡದಲ್ಲಿ ಅಂಟಿ ಗಟ್ಟಿಯಾಗುತ್ತದೆ. ಕೆಂಪುಮಣ್ಣು, ಕಳಿತ ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಅಥವಾ ದಪ್ಪ ಮರಳು ಸಮಪಾಲು ಎಂಬುದು ಸುರಕ್ಷಿತ ಆರಂಭ. ತೆಂಗಿನ ಸೀಮೆಯಾದ ಇಲ್ಲಿ ನಾರಿನ ಪುಡಿ ಸುಲಭವಾಗಿ ಸಿಗುತ್ತದೆ, ಆದರೆ ಹಸಿಯಾಗಿ ಬಳಸಬಾರದು. ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳಿರುತ್ತವೆ. ಸಾರಜನಕಕ್ಕೆ ಹೋಲಿಸಿದರೆ ಇಂಗಾಲ ಸುಮಾರು ನೂರು ಪಟ್ಟು ಇರುವುದರಿಂದ ಕೊಳೆಯುವಾಗ ಗಿಡದ ಪಾಲಿನ ಸಾರಜನಕವನ್ನೂ ಸೂಕ್ಷ್ಮಜೀವಿಗಳು ಎಳೆದುಕೊಳ್ಳುತ್ತವೆ. ಎರಡು ಮೂರು ಸಲ ತೊಳೆದು, ಕಳಿಸಿ ಬಳಸಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹುದುಗಿಸಿದ ನಾರಿನ ಪುಡಿಯನ್ನು ‘ಅರ್ಕಾ’ ಹೆಸರಿನಲ್ಲಿ ರೂಪಿಸಿರುವುದು ಈ ತೊಡಕನ್ನು ನೀಗಲೆಂದೇ. ಸಕ್ಕರೆ ಕಾರ್ಖಾನೆಗಳ ಪ್ರೆಸ್‌ಮಡ್‌ಗೂ ಇದೇ ಎಚ್ಚರ ಸಲ್ಲುತ್ತದೆ: ಹಸಿಯದು ಕಾವು ಏರಿ ಬೇರು ಸುಡುತ್ತದೆ, ಕಳಿತದ್ದು ಒಳ್ಳೆಯ ಗೊಬ್ಬರ.

ಹೊಸ ಮಣ್ಣಿನಲ್ಲಿ ನೆಟ್ಟ ಗಿಡಕ್ಕೆ ಮೊದಲ ತಿಂಗಳು ಮೇಲುಗೊಬ್ಬರ ಬೇಡ. ಆಮೇಲೆ ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ, ಅಥವಾ ನಾಲ್ಕೈದು ದಿನ ನೆನೆಸಿ ಹತ್ತು ಪಾಲು ನೀರು ಬೆರೆಸಿದ ಕಡಲೆಕಾಯಿ ಹಿಂಡಿಯ ತಿಳಿ. ನೀರಿನಲ್ಲಿ ಕರಗುವ 19:19:19 ಗೊಬ್ಬರವಾದರೆ ಲೀಟರಿಗೆ ಒಂದು ಗ್ರಾಂ, ಹದಿನೈದು ದಿನಕ್ಕೊಮ್ಮೆ. ಒಣಗಿದ ಮಣ್ಣಿಗೆ ಯಾವುದನ್ನೂ ಕೊಡಬಾರದು. ಮೊದಲು ನೀರು, ಆಮೇಲೆ ಗೊಬ್ಬರ. ಲವಣ ಗಾಢವಾದರೆ ನೀರು ಬೇರಿನೊಳಗೆ ಹೋಗುವ ಬದಲು ಬೇರಿನಿಂದಲೇ ಹೊರಬರುತ್ತದೆ, ಎಲೆಯಂಚು ಕರಕಲಾಗುತ್ತದೆ. ಹಳೆಯ ಎಲೆಗಳು ಸಮನಾಗಿ ಹಳದಿಯಾದರೆ ಸಾರಜನಕದ ಕೊರತೆಯನ್ನು ಊಹಿಸಬಹುದು, ಆದರೆ ಬೇರು ಕೊಳೆತಾಗಲೂ ಎಲೆ ಹಾಗೆಯೇ ಕಾಣುತ್ತದೆ. ಹಾಗಾಗಿ ಬೇರಿನ ಸ್ಥಿತಿ ತಿಳಿಯದೆ ಗೊಬ್ಬರ ಹಾಕಬಾರದು.

ಬೆಳಕು

ಹೊರಗಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಇದ್ದರೆ, ಮನೆಯ ನಡುವಿನ ಬೆಳಕು ಕೆಲವು ನೂರು ಲಕ್ಸ್. ಬೆಳಕು ಇಳಿದಷ್ಟೂ ಬೆಳವಣಿಗೆ, ನೀರಿನ ಬೇಡಿಕೆ, ಗೊಬ್ಬರದ ಬೇಡಿಕೆ ಮೂರೂ ಇಳಿಯುತ್ತವೆ. ನೆರಳಿನಲ್ಲಿ ಸೊರಗಿದ ಗಿಡಕ್ಕೆ ಕಿಟಕಿ ಬೇಕು, ಗೊಬ್ಬರವಲ್ಲ.

ಆಕ್ಷೇಪಗಳು

ತುಳಸಿಕಟ್ಟೆಗೆ ದಿನವೂ ನೀರೆರೆಯುತ್ತಾರೆ, ಗಿಡ ವರ್ಷಗಟ್ಟಲೆ ಬದುಕುತ್ತದೆ. ಹಾಗಾದರೆ ದಿನಾ ನೀರು ಹಾಕುವುದು ತಪ್ಪೇ ಎಂಬ ಪ್ರಶ್ನೆ ನ್ಯಾಯವಾದದ್ದು. ಅಂಗಳದ ಕಟ್ಟೆಯಲ್ಲಿ ಮಣ್ಣು ಹೆಚ್ಚು. ಅನೇಕ ಕಡೆ ಅದು ಕೆಳಗಿನ ನೆಲಕ್ಕೆ ಕೂಡಿಕೊಂಡಿರುತ್ತದೆ. ದಿನವಿಡೀ ಬಿಸಿಲು ಬೀಳುತ್ತದೆ. ಆ ಮೂರೂ ಇದ್ದಾಗ ಒಂದು ಚೊಂಬು ನೀರು ಹೆಚ್ಚಲ್ಲ. ಅದೇ ತುಳಸಿ ಮನೆಯೊಳಗಿನ ಪ್ಲಾಸ್ಟಿಕ್ ಕುಂಡಕ್ಕೆ ಬಂದಾಗ ಮೂರನ್ನೂ ಕಳೆದುಕೊಳ್ಳುತ್ತದೆ, ಚೊಂಬಿನ ಅಳತೆ ಮಾತ್ರ ಹಾಗೇ ಉಳಿಯುತ್ತದೆ. ಪೂಜೆಯ ನೀರು ಒಂದು ಉದ್ಧರಣೆಯಷ್ಟಿರಲಿ, ಗಿಡದ ನೀರು ಮಣ್ಣಿನ ಹದ ನೋಡಿ ಬೇರೆಯಾಗಿ ಸಲ್ಲಲಿ. ಆಚರಣೆಗೂ ಗಿಡಕ್ಕೂ ಇದರಿಂದ ಧಕ್ಕೆಯಿಲ್ಲ.

ಕುಂಡ ಬೇಗ ಒಣಗುವುದರಿಂದ ನೀರು ಹೆಚ್ಚಾಗುವುದಕ್ಕಿಂತ ಕಡಿಮೆಯಾಗುವ ಅಪಾಯವೇ ದೊಡ್ಡದು ಎಂದೂ ವಾದಿಸಬಹುದು. ಮಾರ್ಚ್, ಏಪ್ರಿಲ್‌ನ ತಾರಸಿಯ ಕುಂಡಗಳ ಮಟ್ಟಿಗೆ ಇದು ನಿಜ, ಬೆದ್ದಲಿನ ಕ್ರಮ ಕುಂಡಕ್ಕೆ ಸಾಲದಿರುವುದೂ ಅದಕ್ಕಾಗಿಯೇ. ಆದರೆ ಒಣಗಿ ಜೋತ ಗಿಡ ನೀರು ಕಂಡ ಕೆಲವೇ ಗಂಟೆಗಳಲ್ಲಿ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಬೇರು ಕೊಳೆತ ಗಿಡ ಚೇತರಿಸಿಕೊಳ್ಳುವುದು ಅಪರೂಪ. ಎರಡು ತಪ್ಪುಗಳಲ್ಲಿ ತಿದ್ದಿಕೊಳ್ಳಬಹುದಾದದ್ದನ್ನು ಆರಿಸುವುದು ಆರಂಭಿಕರಿಗೆ ಕ್ಷೇಮ.

ಸಾವಯವ ಗೊಬ್ಬರ ಎಷ್ಟು ಹಾಕಿದರೂ ಹಾನಿಯಿಲ್ಲ ಎಂಬ ಮಾತು ಕುಂಡಕ್ಕೆ ಹೊಂದದು. ಹಸಿ ಹಿಂಡಿ, ಕೋಳಿಗೊಬ್ಬರಗಳಿಂದ ಹೊಮ್ಮುವ ಅಮೋನಿಯಾ ಕಿರಿದಾದ ಮಣ್ಣಿನಲ್ಲಿ ಬೇರನ್ನು ಸುಡುತ್ತದೆ. ರಾಸಾಯನಿಕವೆಲ್ಲ ವಿಷ ಎಂಬುದೂ ಪೂರ್ತಿ ಸರಿಯಲ್ಲ. ಎರಡೂ ಮೂಲಗಳಿಂದ ಬೇರು ಹೀರುವುದು ಮುಖ್ಯವಾಗಿ ಅದೇ ನೈಟ್ರೇಟು, ಅದೇ ಅಮೋನಿಯಂ. ಕಳಿತ ಸಾವಯವ ಗೊಬ್ಬರದ ನಿಜವಾದ ಹೆಚ್ಚುಗಾರಿಕೆ ಮಣ್ಣನ್ನು ಸಡಿಲಗೊಳಿಸಿ ಗಾಳಿಗೆ ಎಡೆ ಕೊಡುವುದರಲ್ಲಿದೆ.

ನಾಗಮಂಗಲದ ರಾಗಿ ಬೆಳೆಗಾರರು ಮಣ್ಣನ್ನು ಹಿಡಿಯಲ್ಲಿ ಹಿಸುಕಿ, ಉಂಡೆಯಾಗಿ ಮತ್ತೆ ಉದುರಿದರೆ ಹದ ಬಂದಿದೆ ಎನ್ನುತ್ತಾರೆ. ವೀಳ್ಯದೆಲೆ ತೋಟದವರು ಅದೇ ಹದವನ್ನು ಬಸಿಗಾಲುವೆ ತೋಡಿ ವರ್ಷವಿಡೀ ಉಳಿಸುತ್ತಾರೆ. ಕುಂಡದ ಮುಂದೆ ಕೂತವರಿಗೆ ಬೇಕಾದ ಸಲಕರಣೆಯೂ ಇಷ್ಟೇ: ಎರಡು ಗೆಣ್ಣು ಮಣ್ಣಿಗಿಳಿಯುವ ಬೆರಳು, ತಳದಲ್ಲಿ ಮುಚ್ಚಿಹೋಗದ ಒಂದು ತೂತು.